ರೇಡಿಯೊ ನಿಂತ ಮೇಲೆ ಹಾರಲು ಭಯ

ಪ್ರಶ್ನೆ: ಮೇಡಂ, ನನಗೆ 41 ವರ್ಷ. ಕ್ಯಾಲಿಫೋರ್ನಿಯಾದಲ್ಲಿ ಸಾಫ್ಟ್‌ವೇರ್ ಕೆಲಸ. ಖಾಸಗಿ ಪೈಲಟ್ ಲೈಸೆನ್ಸ್ ಇದೆ, ಬಿಡುವಿದ್ದಾಗ ಬಾಡಿಗೆಯ ಸೆಸ್ನಾ 172 ಹಾರಿಸುತ್ತೇನೆ. ಆರು ತಿಂಗಳ ಹಿಂದೆ, ಇಳಿಯಲು ಬರುವಾಗ ರೇಡಿಯೊದಲ್ಲಿ ಏನೂ ಕೇಳದಂತಾಯಿತು. ಟವರ್‌ನವರು ಹಸಿರು ದೀಪ ತೋರಿಸಿದರು, ಇಳಿಸಿದೆ. ನೋಡಿದರೆ ಹೆಡ್‌ಸೆಟ್‌ನ ಕಿವಿ ಕಡೆಯ ಪ್ಲಗ್ ಸಡಿಲವಾಗಿತ್ತು, ಅಷ್ಟೇ! ನಾಚಿಕೆಯಿಂದ ಹೆಂಡತಿಗೂ ಹೇಳಿಲ್ಲ. ಈಗ ವಿಮಾನ ಬುಕ್ ಮಾಡುತ್ತೇನೆ, ಹಿಂದಿನ ರಾತ್ರಿ ಕ್ಯಾನ್ಸಲ್ ಮಾಡುತ್ತೇನೆ. ನಾನು ಇದಕ್ಕೆ ಲಾಯಕ್ಕಿಲ್ಲವೇ?

ಉತ್ತರ: ಕಾರಣ ಸಣ್ಣದಾಗಿದ್ದರೆ ಹೆದರಿಕೆಯೂ ಸಣ್ಣದಿರಬೇಕಿತ್ತು ಎಂದು ನಿಮ್ಮನ್ನು ನೀವೇ ಹಳಿದುಕೊಳ್ಳುತ್ತಿದ್ದೀರಿ. ಆ ಗಳಿಗೆಯಲ್ಲಿ ಕಾರಣ ಗೊತ್ತಿರಲಿಲ್ಲವಲ್ಲ! ಸದಾ ಮಾತು ತುಂಬಿರುತ್ತಿದ್ದ ಕಿವಿ ಒಮ್ಮೆಲೇ ಖಾಲಿಯಾದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ.

ಒಂದು ಸಂಗತಿ ನಿಮ್ಮ ಗಮನಕ್ಕೆ ಬಂದಂತಿಲ್ಲ. ಮೈಕಿನ ಪ್ಲಗ್ ಬೇರೆಯದು. ಅದು ಸರಿಯಾಗಿಯೇ ಇತ್ತು. ಹಾಗಾದರೆ ಅವರ ಮಾತು ನಿಮಗೆ ಕೇಳದಿದ್ದರೂ ನೀವು ಆಡಿದ್ದು ಅವರಿಗೆ ಕೇಳಿಸಿರಬೇಕು. ಅದಕ್ಕೇ ತರಬೇತಿಯಲ್ಲಿ, ಉತ್ತರ ಬರಲಿ ಬಿಡಲಿ, ಎಲ್ಲಿದ್ದೇನೆ, ಏನು ಮಾಡಲಿದ್ದೇನೆ ಎಂದು ಹೇಳುತ್ತಿರಿ ಎನ್ನುವುದು. ಟ್ರಾನ್ಸ್‌ಪಾಂಡರ್‌ನಲ್ಲಿ 7600 ಹಾಕಿದರೆ ರಾಡಾರ್ ಮುಂದಿರುವವರಿಗೆ ರೇಡಿಯೊ ಕೆಟ್ಟಿದೆಯೆಂದು ತಿಳಿಯುತ್ತದೆ. ಟವರ್‌ನಿಂದ ಮಿನುಗದ ಹಸಿರು ಬೆಳಕು ಬಂದರೆ ಇಳಿಯಬಹುದು, ಮಿನುಗದ ಕೆಂಪು ಬಂದರೆ ಬೇರೆಯವರಿಗೆ ದಾರಿಬಿಟ್ಟು ಸುತ್ತುತ್ತಿರಬೇಕು. ಹಗಲಲ್ಲಿ ರೆಕ್ಕೆ ಅಲ್ಲಾಡಿಸಿದರೆ ‘ಕಂಡೆ’ ಎಂದು ಉತ್ತರ ಕೊಟ್ಟಂತೆ. ಇದೆಲ್ಲ ಅವರಿಗೂ ಗೊತ್ತು, ನಿಮಗೂ ಗೊತ್ತು. ನಿಮಗೆ ಒಂಟಿ ಅನ್ನಿಸಿದ್ದು ನಿಜ. ಆದರೆ ನೀವು ಒಂಟಿಯಾಗಿರಲಿಲ್ಲ.

ಮೊದಲು ವಿಮಾನ ಹಾರಿಸಬೇಕು, ಆಮೇಲೆ ದಾರಿ ನೋಡಬೇಕು, ಮಾತು ಕೊನೆಗೆ. ನೀವು ಮಾಡಿದ್ದೂ ಅದೇ. ಇನ್ನು ಲಾಯಕ್ಕಿಲ್ಲ ಎನ್ನುವುದು ಎಲ್ಲಿಂದ ಬಂತು?

ಭಯ ಹೊತ್ತುಕೊಂಡು ಒಬ್ಬರೇ ಹಾರದೆ ಇದ್ದದ್ದು ಒಳ್ಳೆಯದೇ. ಆದರೆ ಹೀಗೆ ಎಷ್ಟು ಕಾಲ? ನಿಮ್ಮ ಇನ್‌ಸ್ಟ್ರಕ್ಟರ್ ಜೊತೆ ಒಮ್ಮೆ ಹಾರಿ. ಟವರ್‌ಗೆ ಮೊದಲೇ ಫೋನ್ ಮಾಡಿ ಕೇಳಿಕೊಂಡರೆ, ಬಿಡುವಿದ್ದಾಗ ಅಭ್ಯಾಸಕ್ಕೆಂದೇ ದೀಪ ತೋರಿಸುತ್ತಾರೆ. ವಾಲ್ಯೂಮ್, ಫ್ರೀಕ್ವೆನ್ಸಿ, ಎರಡೂ ಪ್ಲಗ್ ಮುಟ್ಟಿ ನೋಡುವುದು, ಕ್ಯಾಬಿನ್ ಸ್ಪೀಕರ್ ಹಾಕುವುದು, ಇವಿಷ್ಟು ಕೈಗೆ ರೂಢಿಯಾಗಲಿ. ಬ್ಯಾಟರಿಯ ಕೈರೇಡಿಯೊ ಒಂದು ಚೀಲದಲ್ಲಿದ್ದರೆ ಮನಸ್ಸಿಗೂ ಧೈರ್ಯ.

ಹೆಂಡತಿಗೆ ಹೇಳಿ. ತಪ್ಪೊಪ್ಪಿಗೆಯಂತೆ ಬೇಡ, ನಡೆದದ್ದನ್ನು ನಡೆದಂತೆ. ಸಣ್ಣ ಎಡವಟ್ಟನ್ನು ಮುಚ್ಚಿಟ್ಟು ಒಳಗೇ ಬೆಳೆಸಿಕೊಳ್ಳುವವರು ವಿಮಾನ ಹಾರಿಸದವರಲ್ಲೂ ಬಹಳ ಜನ, ನನಗೆ ಬರುವ ಪತ್ರಗಳಲ್ಲಿ ಅರ್ಧ ಅವರದೇ. ಪೈಲಟ್‌ಗಳು ಇಂಥದ್ದನ್ನು ಹೇಳಿಕೊಳ್ಳಲೆಂದೇ ನಾಸಾ 1976ರಿಂದ ಗೋಪ್ಯ ವರದಿ ವ್ಯವಸ್ಥೆಯೊಂದನ್ನು ನಡೆಸುತ್ತಿದೆ. ಬರೆದು ಕಳಿಸಿ, ಹಗುರವಾದೀತು.

ನಿದ್ದೆ ಕೆಡುತ್ತಿದ್ದರೆ, ಆಫೀಸಿನಲ್ಲೂ ಎದೆ ಡವಗುಟ್ಟುತ್ತಿದ್ದರೆ, ಆಪ್ತಸಮಾಲೋಚಕರನ್ನು ಕಾಣಲೇಬೇಕು. ಇದರಿಂದ ಮೆಡಿಕಲ್ ಸರ್ಟಿಫಿಕೇಟ್ ಹೋದೀತೆಂದು ಪೈಲಟ್‌ಗಳು ಹೆದರುತ್ತಾರೆ. ಊಹೆ ಮಾಡುತ್ತ ಕೂರಬೇಡಿ. ಏನನ್ನು ತಿಳಿಸಬೇಕು ಎಂದು ವೈಮಾನಿಕ ವೈದ್ಯರನ್ನೇ ಕೇಳಿ.

ಅಮೆರಿಕದ ನಿಯಮದಂತೆ, ಹಿಂದಿನ 90 ದಿನಗಳಲ್ಲಿ 3 ಸಲ ಏರಿ ಇಳಿಸದವರು ಪ್ರಯಾಣಿಕರನ್ನು ಕೂರಿಸಿಕೊಳ್ಳುವಂತಿಲ್ಲ. ಹಾಗಾಗಿ ಹೆಂಡತಿ ಸದ್ಯಕ್ಕೆ ಕೆಳಗೇ ಇರಲಿ. ಈ ವಾರವೇ ಇನ್‌ಸ್ಟ್ರಕ್ಟರ್‌ಗೆ ಫೋನ್ ಮಾಡಿ.