ಲೋಹಗಳೂ ಅವುಗಳ ಸಂಗಡಿಗರೂ

ಹೈಸ್ಕೂಲಿನ ಪಾಠದಲ್ಲಿ ರಂಜಕ, ಅಂದರೆ ಫಾಸ್ಫರಸ್ಸಿನ ಪರಿಚಯವು ಬೆಂಕಿಪೊಟ್ಟಣ, ಎಲುಬು, ಗೊಬ್ಬರ ಇವುಗಳೊಡನೆ ಮುಗಿದುಹೋಗುವುದುಂಟು. ಗ್ರೀಕ್ ಭಾಷೆಯಲ್ಲಿ ಬೆಳಕನ್ನು ಹೊರುವುದು ಎಂಬರ್ಥದ ಹೆಸರನ್ನು ಪಡೆದ ಈ ಮೂಲವಸ್ತುವಿನ ಮತ್ತೊಂದು ಸೇವೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ತಿಳಿಸಲಿಚ್ಛಿಸುತ್ತೇವೆ.

ಜಯನಗರದ ಆಭರಣದಂಗಡಿಗಳಲ್ಲಿ ಹರಳಿನ ಉಂಗುರವನ್ನು ನೋಡದವರಾರು? ಹರಳನ್ನು ಸುತ್ತಲೂ ಕಟ್ಟು ಹಿಡಿದಿರುವಂತೆ, ಲೋಹದ ಪರಮಾಣುವನ್ನು ಸುತ್ತುವರಿದು ಹಿಡಿಯುವ ಅಣುಗಳುಂಟು. ಅವುಗಳಿಗೆ ಲಿಗ್ಯಾಂಡುಗಳೆಂದು ಹೆಸರು. ಇಂತಹ ಸಂಯುಕ್ತಗಳ ರಚನೆಯನ್ನು ಆಲ್ಫ್ರೆಡ್ ವೆರ್ನರರು 1893ರಲ್ಲಿ ವಿವರಿಸಿದರು. ರಂಜಕದ ಪರಮಾಣುವು ಮೂರು ಗುಂಪುಗಳೊಡನೆ ಕೂಡಿದ ಮೇಲೂ ಅದರಲ್ಲಿ ಒಂದು ಜೊತೆ ಎಲೆಕ್ಟ್ರಾನುಗಳು ಉಳಿದಿರುವುವು. ಅವನ್ನು ಲೋಹದೊಡನೆ ಹಂಚಿಕೊಂಡು ಅದು ಬಂಧವನ್ನು ಬೆಳೆಸುವುದು. ಆ ಮೂರು ಗುಂಪುಗಳನ್ನು ಬದಲಿಸಿದರೆ ಹಿಡಿತದ ಬಲವೂ ಲೋಹದ ಬಳಿ ಉಳಿಯುವ ಎಡೆಯೂ ಬದಲಾಗುವುವು. ಟ್ರೈಮೀಥೈಲ್ ಫಾಸ್ಫೀನು ಆಕ್ರಮಿಸುವ ಶಂಕುವಿನ ಕೋನವು 118 ಡಿಗ್ರಿ. ಟ್ರೈಫಿನೈಲ್ ಫಾಸ್ಫೀನಿನದು 145 ಡಿಗ್ರಿ. ಲೋಹದ ಬಳಿಗೆ ಯಾವ ಅಣುವು ಬರಬಹುದು, ಯಾವುದು ಬಾರದು ಎಂಬುದು ಇಂತಹ ಅಂತರದಿಂದಲೇ ನಿರ್ಣಯವಾಗಬಹುದು.

ಇದರಿಂದ ಫಲವೇನು? ಕೆಲವು ಅಣುಗಳಿಗೆ ಎಡಗೈ ಬಲಗೈಗಳಂತೆ ಎರಡು ರೂಪಗಳುಂಟು. ಕಂಪವಾತದ ರೋಗಿಗಳಿಗೆ ಕೊಡುವ ಲೀವೋಡೋಪಾ ಎಂಬ ಔಷಧದಲ್ಲಿ ಬೇಕಾದುದು ಒಂದೇ ರೂಪ. ಅಮೆರಿಕದ ವಿಲಿಯಂ ನೋಲ್ಸರು ಎಡಬಲಭೇದವುಳ್ಳ ರಂಜಕದ ಲಿಗ್ಯಾಂಡನ್ನು ರೋಡಿಯಂ ಲೋಹಕ್ಕೆ ಕೂಡಿಸಿ, ಆ ರೂಪವೇ ಹೇರಳವಾಗಿ ದೊರೆಯುವಂತೆ ಮಾಡಿದರು. 2001ರ ನೊಬೆಲ್ ಪಾರಿತೋಷಕದಲ್ಲಿ ಪಾಲನ್ನು ಪಡೆದರು. ಈ ವಿವೇಚನೆಯು ಲೋಹಕ್ಕೆ ತಾನಾಗಿ ಬಂದುದಲ್ಲ, ಸಂಗಡಿಗನಿಂದ ಬಂದುದು.

ನಮ್ಮ ಬೆಂಗಳೂರಿನಲ್ಲಿಯೂ ಈ ವಿದ್ಯೆಯು ಬೆಳೆದಿದೆ. 1909ರಲ್ಲಿ ಸ್ಥಾಪಿತವಾದ, ಜನರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎಸ್. ಎಸ್. ಕೃಷ್ಣಮೂರ್ತಿಯವರೂ ಅವರ ಶಿಷ್ಯರೂ, ಎರಡು ರಂಜಕಗಳ ನಡುವೆ ಒಂದು ಸಾರಜನಕವುಳ್ಳ ಲಿಗ್ಯಾಂಡುಗಳನ್ನು ತಯಾರಿಸಿ, ಅವು ಲೋಹಗಳೊಡನೆ ಕೂಡುವ ಬಗೆಯನ್ನು ಶೋಧಿಸಿದರು. ಆ ಶಿಷ್ಯರಲ್ಲಿ ಎಂ. ಎಸ್. ಬಾಲಕೃಷ್ಣರು ಮುಂಬಯಿಯ ಐ.ಐ.ಟಿ.ಯಲ್ಲಿ ಇದೇ ಕಾರ್ಯವನ್ನು ಮುಂದುವರಿಸಿದರು. ಇದು ತಾಳ್ಮೆಯ ಕೆಲಸ. ಇಂತಹ ಅನೇಕ ವಸ್ತುಗಳು ಗಾಳಿಯ ಆಮ್ಲಜನಕ ತಗುಲಿದರೆ ಕೆಡುವುದರಿಂದ, ಸಾರಜನಕ ಅಥವಾ ಆರ್ಗಾನ್ ಅನಿಲದಲ್ಲಿಯೇ ಅವುಗಳನ್ನು ಮಾಡಬೇಕು. ಹರಳು ಕಟ್ಟಿಸಿ ಎಕ್ಸ್-ಕಿರಣಗಳಿಂದ ರಚನೆಯನ್ನು ಅರಿಯಬೇಕು.

ಮಗಳು ಎಂ.ಎಸ್ಸಿ. ಮುಗಿಸಿದ ಮೇಲೂ ಸಂಶೋಧನೆಯಲ್ಲಿ ವರ್ಷಗಳನ್ನೇಕೆ ಕಳೆಯಬೇಕು, ಅವಳು ಮಾಡುವ ಪುಡಿಯಿಂದ ಯಾರಿಗೆ ಪ್ರಯೋಜನ ಎಂದು ಕೇಳುವ ತಾಯ್ತಂದೆಗಳುಂಟು. ಅವರಿಗೆ ನಾವು ಹೇಳುವುದಿಷ್ಟೆ: ನೋಲ್ಸರಿಗೆ ದಾರಿಯಾದುದು ಇತರರು ಮೊದಲೇ ಮಾಡಿದ್ದ ರೋಡಿಯಂ-ಫಾಸ್ಫೀನ್ ಸಂಯುಕ್ತ. ಅದನ್ನು ಮಾಡಿದವರ ಮುಂದೆ ಕಂಪವಾತದ ರೋಗಿಯಿರಲಿಲ್ಲ. ಈ ದಿನ ಯಾರದೋ ಮನೆಯ ಅಜ್ಜನು ನಡುಗದ ಕೈಯಿಂದ ತುತ್ತನ್ನೆತ್ತುವಲ್ಲಿ ಅವರ ಶ್ರಮಕ್ಕೂ ಪಾಲುಂಟು. ಮನಸ್ಸುಳ್ಳ ಹುಡುಗಿಯನ್ನು ಈ ಕೆಲಸದಿಂದ ತಡೆಯಬೇಡಿರೆಂದು ಬೇಡುತ್ತೇವೆ.