ವಾಲಿಯ ಹಾಗೆ ಕೇಳು

ನೋಡು ಮಾರಾಯ್ತಿ, ನಿನ್ನ ಮೆಹಂದಿಗೆ ಡಿಜೆ ಬೇಡ ಎಂದು ಹೇಳಲಿಕ್ಕೆ ಇದನ್ನು ಬರೆಯುತ್ತಿಲ್ಲ. ಬೇಕಿದ್ದರೆ ಇಡು. ನನಗೆ ಸರಿಬಾರದ್ದು ನೀನು ಕೊಟ್ಟ ಕಾರಣ: "ಎಲ್ಲರೂ ಮಾಡ್ತಾರಲ್ಲ ಮಾವ."

ಯಾರು ಈ ಎಲ್ಲರೂ? ನಮ್ಮ ಮಂಗಳೂರಿನ ತಣ್ಣೀರುಬಾವಿ ಬೀಚಿನಲ್ಲಿ ಒಂದು ಸಂಜೆ ನಿಂತು ನೋಡು. ಮದುವೆಗೆ ಮುಂಚಿನ ಫೋಟೋ ತೆಗೆಸುವ ಜೋಡಿಗಳು ಒಂದರ ಹಿಂದೆ ಒಂದು. ಅದೇ ನೆಲ ಗುಡಿಸುವ ಬಾಡಿಗೆ ಗೌನು, ಅದೇ ಬಣ್ಣದ ಹೊಗೆ. ಫೋಟೋದವನು "ಈಗ ಅತ್ತ ನೋಡಿ ನಗಿ" ಎಂದಾಗ ಅದೇ ನಗು. ಒಂದು ರೀಲ್ ನೋಡಿದವಳಿಗೆ ಅಂಥದ್ದೇ ಇನ್ನೂ ಹತ್ತು ತೋರಿಸುವುದು ಮೊಬೈಲಿನ ಕೆಲಸ. ಹತ್ತು ನೋಡಿದ ಮೇಲೆ ಅದು ಊರಿನ ಪದ್ಧತಿಯೇ ಎಂದು ಕಾಣುತ್ತದೆ. ಅಜ್ಜಿಯಂದಿರ ಕಾಲದಲ್ಲಿ ನಮ್ಮ ಎಷ್ಟೋ ಮನೆಗಳಲ್ಲಿ ಇಲ್ಲದ ಮೆಹಂದಿ ರಾತ್ರಿ ಈಗ ಬಿಡಲಾಗದ ಶಾಸ್ತ್ರ. ಪುರೋಹಿತರು ಹೇಳಿದ್ದಂತೂ ಅಲ್ಲ.

ಇದಕ್ಕೆಲ್ಲ ದುಡ್ಡೂ ಬೇಕು. ಆ ದುಡ್ಡಿನ ಲೆಕ್ಕ ಗೊತ್ತಿದ್ದ ಊರು ನಮ್ಮದು. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕನ್ನು ಸ್ಥಾಪಿಸಿದ್ದು ಇಲ್ಲಿಯೇ. ಆಚೆ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಶುರುಮಾಡಿತು. ಏಜೆಂಟರು ಮನೆಬಾಗಿಲಿಗೆ, ಅಂಗಡಿಗೆ ಬಂದು ದಿನಕ್ಕೆ ಎರಡಾಣೆಯಾದರೂ ಸರಿ, ಪಡೆದು ಹೋಗುತ್ತಿದ್ದರು. ಮೊದಲು ಕೂಡಿಡುವುದು, ಆಮೇಲೆ ಕೊಳ್ಳುವುದು. ಆ ನಡುವಿನ ತಿಂಗಳುಗಳಲ್ಲಿ ಎಷ್ಟೋ ಆಸೆಗಳು ತಾವಾಗಿಯೇ ಆರಿಹೋಗುತ್ತಿದ್ದವು. ಇಎಂಐ ಕಿತ್ತುಕೊಂಡದ್ದು ಆ ನಡುವಿನ ಹೊತ್ತನ್ನು. ಮಾಲಿನಲ್ಲಿ ಫೋನನ್ನು ತಿರುಗಿಸಿ ನೋಡುವಷ್ಟರಲ್ಲಿ ಅಂಗಡಿಯ ಹುಡುಗ ಆಧಾರ್ ಕೇಳಿಯಾಯಿತು! ಬಡ್ಡಿ ಎಷ್ಟು ಎಂದು ಕೇಳುವವಳೇ ಹಳೆಕಾಲದವಳು.

ಯೋಚನೆ ಮಾಡಲಿಕ್ಕೆ ಹೊತ್ತು ಬೇಕು, ಎದುರು ಮಾತಾಡುವವರೂ ಬೇಕು. ಅದಕ್ಕೇ ಹೇಳುವುದು, ಒಂದು ತಾಳಮದ್ದಳೆಗೆ ಹೋಗು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ. ಅರ್ಥಧಾರಿಗಳು ಕೂತಲ್ಲೇ ಬರೀ ಮಾತಿನಲ್ಲಿ ಪಾತ್ರ ಕಟ್ಟುತ್ತಾರೆ, ಅದೂ ಬಾಯಿಪಾಠ ಮಾಡದೆ. ವಾಲಿವಧೆಯಲ್ಲಿ ಬಾಣ ತಿಂದು ಬಿದ್ದವನು ರಾಮನನ್ನೇ ಹಿಡಿದು ಕೇಳುತ್ತಾನೆ: ಮರೆಯಲ್ಲಿ ನಿಂತು ಹೊಡೆದದ್ದು ಯಾಕೆ? ನಿನಗೂ ನನಗೂ ಎಂತ ಹಗೆ? ಆ ಕಾಲದ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಕೂತರೆಂದರೆ, ರಾಮನಿಗೆ ನಿತ್ಯ ಕೈಮುಗಿಯುವವರಿಗೂ ಇವತ್ತು ರಾಮನ ಉತ್ತರ ಸಾಲುತ್ತದೋ ಇಲ್ಲವೋ ಎಂಬ ಆತಂಕ ಇರುತ್ತಿತ್ತು. ಬೆಳಗಿನವರೆಗೆ ಕೂತು ಎರಡೂ ಕಡೆ ಕೇಳಿಸಿಕೊಂಡು, ಮನೆಗೆ ಹೋಗುವ ದಾರಿಯಲ್ಲಿ ಮತ್ತೆ ಜಗಳ. ದೇವರಿಂದಲೇ ಸಮಜಾಯಿಷಿ ಕೇಳಿದವರ ಮೊಮ್ಮಕ್ಕಳು ಮೂವತ್ತು ಸೆಕೆಂಡಿನ ಜಾಹೀರಾತಿಗೆ ಮರುಪ್ರಶ್ನೆ ಹಾಕುವುದಿಲ್ಲ ಎಂದರೆ ನನಗೆ ಅರ್ಥವಾಗುವುದಿಲ್ಲ.

ಇನ್ನೊಂದು ಉಂಟು. ಇವತ್ತು ರಾಮನ ಅರ್ಥ ಹೇಳಿದವರು ನಾಳೆ ಇನ್ನೊಂದು ಊರಿನಲ್ಲಿ ವಾಲಿಯಾಗಿ, ನಿನ್ನೆಯ ತಮ್ಮ ವಾದವನ್ನೇ ಮುರಿಯಬೇಕಾಗುತ್ತದೆ. ಈ ಅಭ್ಯಾಸ ಯಾವ ಕಾಲೇಜಿನಲ್ಲೂ ಸಿಗಲಿಕ್ಕಿಲ್ಲ.

ಇವೆಂಟಿನವರು ಕೊಟ್ಟ ಕೊಟೇಶನ್ ಇದೆಯಲ್ಲ, ಈ ಭಾನುವಾರ ಅದನ್ನು ಮುಂದಿಟ್ಟುಕೊಂಡು ನೀನೂ ನಿನ್ನ ಹುಡುಗನೂ ಕೂತುಕೊಳ್ಳಿ. ಒಬ್ಬರು ಬೇಕು ಎನ್ನಿ, ಇನ್ನೊಬ್ಬರು ಯಾಕೆ ಎನ್ನಿ. ಆಮೇಲೆ ಪಾತ್ರ ಬದಲಿಸಿ. ಡ್ರೋನಿನಿಂದಲೇ ಶುರುವಾಗಲಿ. ನಿನಗೆ ಅದು ಬೇಕು ಎಂದು ನನಗೆ ಗೊತ್ತುಂಟು; ಹಾಗಾಗಿ ಅದು ಬೇಡ ಎನ್ನುವ ಪಕ್ಷವನ್ನು ಮೊದಲು ನೀನೇ ಹಿಡಿ.