ಗೋಥಿಕ್: ಚಿಕ್ಕ ಜಗತ್ತಿನ ದೊಡ್ಡ ಆಟ

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಸೇರಿ ಒಂದು ಫ್ಯಾಂಟಸಿ ಗೇಮ್ ಮಾಡೋಣ ಅಂತ ಕೂತ್ವಿ. ಮೊದಲ ವಾರವೇ ಏಳು ರಾಜ್ಯಗಳ ಮ್ಯಾಪ್ ರೆಡಿ. ಎರಡು ತಿಂಗಳಾದ ಮೇಲೆ ಕೈಯಲ್ಲಿದ್ದದ್ದು ಒಂದು ಖಾಲಿ ಬಯಲು, ಅದರಲ್ಲಿ ಸುಮ್ಮನೆ ಓಡೋ ಒಬ್ಬ ಹೀರೋ. ಎಲ್ಲಿ ಎಡವಿದ್ವಿ ಅಂತ ಗೊತ್ತಾದದ್ದು 'ಗೋಥಿಕ್' ಆಡಿದ ಮೇಲೆ. ಜರ್ಮನಿಯ ಪಿರಾನ್ಹಾ ಬೈಟ್ಸ್ ಎಂಬ ಸಣ್ಣ ತಂಡ 2001ರಲ್ಲಿ ಹೊರತಂದ ರೋಲ್-ಪ್ಲೇಯಿಂಗ್ ಗೇಮ್ ಇದು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ನಮ್ಮ ಹಾಸ್ಟೆಲ್ ಲ್ಯಾಪ್‌ಟಾಪ್‌ನಲ್ಲೂ ಓಡಿತು.

ಕಥೆ ಇಷ್ಟು. ಆರ್ಕ್‌ಗಳ ಜೊತೆ ಯುದ್ಧದಲ್ಲಿರುವ ರಾಜನಿಗೆ ಮಾಂತ್ರಿಕ ಅದಿರು ಬೇಕು. ಅದಕ್ಕೆ ಕೈದಿಗಳನ್ನು ಗಣಿಗೆ ತಳ್ಳುತ್ತಾನೆ. ಅವರು ತಪ್ಪಿಸಿಕೊಳ್ಳದ ಹಾಗೆ ಹನ್ನೆರಡು ಮಂತ್ರವಾದಿಗಳು ಕಟ್ಟಿದ ಮಾಯಾತಡೆ ಲೆಕ್ಕ ಮೀರಿ ಬೆಳೆದು, ಅವರನ್ನೂ ಒಳಗೇ ಸಿಕ್ಕಿಹಾಕಿಸುತ್ತೆ. ಒಳಗೆ ಹೋಗಬಹುದು, ಹೊರಗೆ ಬರೋಕಾಗಲ್ಲ. ಬೇರೆ ಗೇಮ್‌ಗಳಲ್ಲಿ ಮ್ಯಾಪ್ ಮುಗಿದಲ್ಲಿ ಕಾಣದ ಗೋಡೆಗೆ ಡಿಕ್ಕಿ ಹೊಡೀತೀವಿ, ಮಜಾ ಹೋಗುತ್ತೆ. ಇಲ್ಲಿ ಆ ಗೋಡೆಯೇ ಕಥೆ. ಒಂದೇ ಕಣಿವೆ ಯಾಕೆ ಅಂತ ಯಾರೂ ಕೇಳಲ್ಲ.

ಆ ಕಣಿವೆಯನ್ನು ಅವರು ತುಂಬಿಸಿರೋ ರೀತಿ ನೋಡಬೇಕು. ಜನ ಬೆಳಗ್ಗೆ ಏಳ್ತಾರೆ, ಅಡುಗೆ ಮಾಡ್ತಾರೆ, ರಾತ್ರಿ ಮಲಗ್ತಾರೆ. ಕೋಡ್ ಲೆಕ್ಕದಲ್ಲಿ ಇದು ನಮ್ಮ ಕ್ಲಾಸ್ ಟೈಮ್‌ಟೇಬಲ್ ಥರಾನೇ: ಎಷ್ಟು ಗಂಟೆಯಿಂದ ಎಷ್ಟರವರೆಗೆ, ಎಲ್ಲಿ, ಏನು ಕೆಲಸ. ಅಷ್ಟೇ! ಆದರೂ ಯಾರದ್ದೋ ಗುಡಿಸಲಿಗೆ ನುಗ್ಗಿದಾಗ "ಹೊರಗೆ ನಡಿ" ಅಂತ ಗದರಿದರೆ ನಿಜಕ್ಕೂ ಮುಜುಗರ ಆಗುತ್ತೆ. ಹೊಡೆದಾಟದಲ್ಲಿ ಸೋತರೆ ಬಹಳ ಸಲ ಕೊಲ್ಲಲ್ಲ. ನಮ್ಮ ಅದಿರು (ಅಲ್ಲಿ ಅದೇ ದುಡ್ಡು), ಕತ್ತಿ ಎತ್ಕೊಂಡು ಹೋಗ್ತಾರೆ. ಸಾಯೋದಕ್ಕಿಂತ ಇದೇ ಜಾಸ್ತಿ ಉರಿ.

ಇನ್ನೊಂದು ನಮಗೆ ಬಹಳ ಹಿಡಿಸಿತು. ಕತ್ತಿವರಸೆ ಬಾರದ ನಮ್ಮ ಹೀರೋ ಒಂದು ಕೈಯ ಕತ್ತಿಯನ್ನೂ ಎರಡು ಕೈಯಲ್ಲಿ ಹಿಡಿದು ಬೀಸ್ತಾನೆ. ಗುರುವಿನ ಹತ್ತಿರ ಕಲಿತ ಮೇಲೆ ಹಿಡಿತ, ನಿಲುವು ಎಲ್ಲಾ ಬದಲಾಗುತ್ತೆ. ಲೆವೆಲ್ ಏರಿದ್ದು ಬರೀ ನಂಬರ್‌ನಲ್ಲಲ್ಲ, ಕಣ್ಣಿಗೇ ಕಾಣುತ್ತೆ.

ಕಂಟ್ರೋಲ್ ಮಾತ್ರ ಶುದ್ಧ ತಲೆನೋವು. ನೆಲದ ಮೇಲಿನ ಒಂದು ಗಿಡ ಕೀಳೋಕೂ ಕಂಟ್ರೋಲ್ ಕೀ ಒತ್ತಿ ಹಿಡಿದು ಬಾಣದ ಕೀ ಒತ್ತಬೇಕು. ನಮ್ಮಲ್ಲಿ ಒಬ್ಬ ಅರ್ಧ ಗಂಟೆಗೇ ಎದ್ದುಹೋದ. ಹೆಂಗಸರು ಬೆರಳೆಣಿಕೆ, ಅವರಿಗೂ ಹೇಳಿಕೊಳ್ಳುವಂಥ ಪಾತ್ರವಿಲ್ಲ. ಇದಕ್ಕೆ ಬಜೆಟ್ ನೆಪ ನಾವು ಒಪ್ಪಲ್ಲ. ಮೂರು ಶಿಬಿರಗಳಲ್ಲಿ ಯಾವುದಕ್ಕೆ ಸೇರೋದು ಅಂತ ಶುರುವಿನಲ್ಲಿ ತಲೆ ಕೆಡಿಸಿಕೊಂಡ್ವಿ. ಆದರೆ ಯಾವುದಕ್ಕೆ ಸೇರಿದರೂ ಮುಂದೆ ಕಥೆ ಹೆಚ್ಚುಕಡಿಮೆ ಒಂದೇ ದಾರಿ ಹಿಡಿಯುತ್ತೆ. ಕೊನೆಯ ದೇವಸ್ಥಾನದಲ್ಲಂತೂ ಮಾತಾಡೋ ಜನ ಕಡಿಮೆ, ಹೊಡೆದಾಟವೇ ಜಾಸ್ತಿ. ಆಟದ ಜೀವ ಇದ್ದದ್ದೇ ಆ ಜನರಲ್ಲಿ.

ನಮ್ಮ ಏಳು ರಾಜ್ಯ ಈಗ ಒಂದೇ ಹಳ್ಳಿಯಾಗಿದೆ. ಒಬ್ಬ ಕಮ್ಮಾರನಿಗೆ ಟೈಮ್‌ಟೇಬಲ್ ಬರೆದಿದ್ದೀವಿ. ರಾತ್ರಿ ಹತ್ತಕ್ಕೆ ಸರಿಯಾಗಿ ಮನೆಗೆ ಹೊರಡ್ತಾನೆ. ಬಾಗಿಲು ದಾಟೋಕೆ ಮಾತ್ರ ಇನ್ನೂ ಬರಲ್ಲ, ಗೋಡೆಗೆ ಮುಖ ಮಾಡಿ ಬೆಳಗಿನವರೆಗೂ ನಿಂತಿರ್ತಾನೆ.